ಸೆರಗು ಬದಲಾದರೆ ಸೀರೆ ಬದಲಾದೀತೆ?

ಕೃತಕ ನರಜಾಲಕ್ಕೆ ಒಂದಿಷ್ಟು ಕನ್ನಡ ಉಣಿಸಿ ‘ಫೈನ್ ಟ್ಯೂನಿಂಗ್’ ಮಾಡಿದೊಡನೆ ಯಂತ್ರವು ಕನ್ನಡ ಕಲಿಯಿತೆಂದು ಸಾರುವವರನ್ನು ನಾನು ಒಪ್ಪಲಾರೆ. ಮೊಳಕಾಲ್ಮೂರಿನ ನೇಕಾರರನ್ನು ಕೇಳಿ: ಸೆರಗು ಬದಲಾದ ಮಾತ್ರಕ್ಕೆ ಸೀರೆಯ ಒಡಲು ಬದಲಾಗದು. 2021ರಲ್ಲಿ ಪ್ರಕಟವಾದ ‘ಲೋರಾ’ ವಿಧಾನವಂತೂ ಮೂಲಜಾಲದ ಅಂಕಿಗಳನ್ನು ಮುಟ್ಟದೆ, ಪಕ್ಕದಲ್ಲಿ ಸೇರಿಸಿದ ಪುಟ್ಟ ಕೋಷ್ಟಕಗಳನ್ನಷ್ಟೇ ತಿದ್ದುತ್ತದೆ. 2020ರಲ್ಲಿ ‘ಬರ್ಟ್’ ಎಂಬ ಜಾಲವನ್ನು ಪರೀಕ್ಷಿಸಿದವರಿಗೆ ಬದಲಾವಣೆ ಹೆಚ್ಚಾಗಿ ಮೇಲಿನ ಪದರಗಳಲ್ಲೇ ಕಂಡಿತು. ಹೊಸ ಪಾಠವು ಹಳೆಯದನ್ನು ಅಳಿಸುವುದೂ ಉಂಟು. ಹೀಗಿರುವಾಗ, ಉತ್ತರ ಸರಿಯಾಯಿತೆಂದು ಅರಿವು ಬಂದಿತೆನ್ನುವುದು, ಬಾಯಿಪಾಠ ಒಪ್ಪಿಸಿದವನನ್ನು ಪಂಡಿತನೆಂದಂತೆ.

ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಿಕ್ಷಕರಿಗೆ ತರಬೇತಿ ನೀಡುತ್ತದೆ. ಇಂಥ ಯಂತ್ರ ಶಾಲೆಗೆ ಬರುವ ಮೊದಲು, ತಿದ್ದುಪಡಿಯಿಂದ ಒಳಪದರಗಳಲ್ಲಿ ಏನಾಯಿತೆಂದು ಪ್ರಶ್ನಿಸುವುದನ್ನೂ ಅಲ್ಲಿ ಕಲಿಸಲಿ. ಮಡಿಕೆ ಬಿಚ್ಚಿ, ಹಾಸುಹೊಕ್ಕು ನೋಡದೆ ಸೀರೆ ಕೊಳ್ಳುವವರಲ್ಲ ನಾವು.