ಕಚೇರಿಯ ಮದುವೆ, ಚರ್ಚಿನ ಮದುವೆ

ವಿಜಯಪುರ ನಗರದಲ್ಲಿ ನಾನು ವಿವಾಹಾಧಿಕಾರಿಯ ಹೊಣೆ ಹೊತ್ತಿದ್ದ ದಿನಗಳ ಮಾತು. ಹುಡುಗ ತಿಕೋಟಾದ ದ್ರಾಕ್ಷಿ ಬೆಳೆಗಾರರ ಕೂಡುಕುಟುಂಬದವನು; ಹುಡುಗಿ ಕರಾವಳಿಯಿಂದ ಬಂದು ಬಬಲೇಶ್ವರದಲ್ಲಿ ಪಾಠ ಹೇಳುತ್ತಿದ್ದ ಕಥೋಲಿಕ ಶಿಕ್ಷಕಿ. 1954ರ ವಿಶೇಷ ವಿವಾಹ ಕಾಯ್ದೆಯಂತೆ 30 ದಿನಗಳ ನೋಟಿಸು ಮುಗಿಯಿತು, ಮೂವರು ಸಾಕ್ಷಿಗಳು ಸಹಿ ಹಾಕಿದರು, ಪ್ರಮಾಣಪತ್ರ ಕೊಟ್ಟೆ. ಕೆಲವು ತಿಂಗಳ ಬಳಿಕ ಹುಡುಗಿ ಒಬ್ಬಳೇ ಬಂದಳು. "ನಮ್ಮದು ಮದುವೆಯೇ ಅಲ್ಲ ಅಂತ ಅಮ್ಮ ಹೇಳ್ತಾರೆ. ಹೌದಾ ಸರ್?"

ಕಾನೂನಿನಲ್ಲಿ ಅದು ಸಂಪೂರ್ಣ ಸಿಂಧು ಎಂದು ಹೇಳಿ ಕಳುಹಿಸಿದೆ. ನಾನು ಓದಿದ್ದು ಅರ್ಥಶಾಸ್ತ್ರ. ಅದು ಅರ್ಧ ಉತ್ತರವೆಂದು ತಿಳಿದದ್ದು ಆಮೇಲೆ.

ಕಥೋಲಿಕರ ಮದುವೆ ಅಧಿಕೃತ ಗುರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ನಡೆಯದಿದ್ದರೆ ಧರ್ಮಸಭೆಯ ದೃಷ್ಟಿಯಲ್ಲಿ ಅಸಿಂಧು. 1983ರ ಕ್ಯಾನನ್ ಸಂಹಿತೆಯಲ್ಲಿರುವ ಈ ನಿಯಮದ ಬೇರು 1563ರ ಟ್ರೆಂಟ್ ಮಹಾಸಭೆಯಲ್ಲಿದೆ. ಗುಟ್ಟಾಗಿ ಮದುವೆಯಾಗಿ, ಬಳಿಕ ಇಲ್ಲವೆಂದು ಕೈತೊಳೆದುಕೊಳ್ಳುವವರನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ನೋಂದಣಿ ಪುಸ್ತಕ ಕಾಯ್ದ ನನಗೆ ಈ ಕಾಳಜಿ ಅಪರಿಚಿತವಲ್ಲ. ಸೋಜಿಗವೆಂದರೆ, ಇಬ್ಬರು ಹಿಂದೂಗಳೋ ಇಬ್ಬರು ಪ್ರೊಟೆಸ್ಟೆಂಟರೋ ನನ್ನ ಮೇಜಿನ ಮುಂದೆ ಆದ ಮದುವೆಯನ್ನು ಇದೇ ಧರ್ಮಸಭೆ ತಾತ್ವಿಕವಾಗಿ ಒಪ್ಪುತ್ತದೆ. ಕಟ್ಟು ಇರುವುದು ತನ್ನವರಿಗೆ ಮಾತ್ರ.

ಆದರೆ ಬಾಗಿಲು ಮುಚ್ಚಿಲ್ಲ. ಅನ್ಯಧರ್ಮೀಯರನ್ನು ವರಿಸಲು ಧರ್ಮಾಧ್ಯಕ್ಷರಿಂದ ಮುಂಚಿತವಾಗಿ ವಿನಾಯಿತಿ ಪಡೆಯಬಹುದು. ಗಂಭೀರ ಅಡಚಣೆಗಳಿದ್ದರೆ ಚರ್ಚಿನ ವಿಧಿಯಿಂದಲೂ ವಿನಾಯಿತಿ ಸಿಗಬಹುದು. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಶಕ್ತಿಮೀರಿ ಯತ್ನಿಸುವೆನೆಂಬ ವಚನ ಕಥೋಲಿಕ ಸಂಗಾತಿಯದು. ಇನ್ನೊಬ್ಬರಿಗೆ ಅದನ್ನು ತಿಳಿಸಿದರೆ ಸಾಕು, ಮತಾಂತರ ಬೇಕಿಲ್ಲ. ಮದುವೆಯಾದ ಮೇಲೂ ಅದನ್ನು ಸಿಂಧುಗೊಳಿಸುವ ಕ್ರಮವಿದೆ. ಇಷ್ಟನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ. ನಿಯಮದ ಕಠೋರ ಭಾಗ ಮನೆಮನೆಗೆ ತಲುಪುತ್ತದೆ, ಪರಿಹಾರದ ಭಾಗ ಗ್ರಂಥದಲ್ಲೇ ಉಳಿಯುತ್ತದೆ. ಇದು ಧರ್ಮಗುರುಗಳು ಉತ್ತರಿಸಬೇಕಾದ ಲೋಪ.

ತಿರುವುಮುರುವಾದ ಗೊಂದಲವೂ ಉಂಟು. ಚರ್ಚ್ ನ್ಯಾಯಮಂಡಳಿ ವಿವಾಹವನ್ನು ಅಸಿಂಧುವೆಂದು ಘೋಷಿಸಿದರೆ ಸಾಕೆಂದು ನಂಬಿ ಮರುಮದುವೆಯಾದವರು ದ್ವಿವಿವಾಹದ ಮೊಕದ್ದಮೆಗೆ ಸಿಲುಕಬಹುದು. ಆ ತೀರ್ಪುಗಳಿಗೆ ಕಾನೂನಿನ ಮಾನ್ಯತೆ ಕೋರಿ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ವಜಾ ಮಾಡಿತು. 1996ರಲ್ಲೇ ತಾನು ಕೊಟ್ಟಿದ್ದ ತೀರ್ಪನ್ನು ಎತ್ತಿಹಿಡಿಯಿತು. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ನಾಗರಿಕ ಸ್ಥಾನಮಾನವನ್ನು ಬದಲಿಸುವ ಅಧಿಕಾರ ಪ್ರಭುತ್ವದ ಬಳಿಯೇ ಇರಬೇಕು.

ಹಾಗೆಂದು ಚರ್ಚನ್ನು ಮಾತ್ರ ದೂರಿದರೆ ಆತ್ಮವಂಚನೆಯಾದೀತು. ವಿಶೇಷ ವಿವಾಹ ಕಾಯ್ದೆಯ 19ನೇ ಕಲಮಿನಂತೆ, ಅವಿಭಕ್ತ ಕುಟುಂಬದ ಹಿಂದೂ ಸದಸ್ಯನು ಅನ್ಯಧರ್ಮೀಯಳನ್ನು ವರಿಸಿದೊಡನೆ ಆ ಕುಟುಂಬದಿಂದ ಬೇರ್ಪಟ್ಟಂತೆ. ಉತ್ತರಾಧಿಕಾರಕ್ಕೆ ಅನ್ವಯಿಸುವ ಕಾನೂನೂ ಬದಲಾಗುತ್ತದೆ. ತಿಕೋಟಾದ ತೋಟದಲ್ಲಿ ಪಾಲುಳ್ಳ ಆ ಹುಡುಗನಿಗೆ ಸಹಿ ಹಾಕುವ ಮುನ್ನ ಇದನ್ನು ತಿಳಿಸಬೇಕಿತ್ತು. ನಾನು ತಿಳಿಸಲಿಲ್ಲ.