ದೂರದ ಎಸೆತದ ನಿಖರತೆ: ಅಂಕಿ ಹೇಳುವುದೆಷ್ಟು, ಮುಚ್ಚಿಡುವುದೆಷ್ಟು?

ರಾಮನಗರ: ಹೋಬಳಿ ಮಟ್ಟದಿಂದ ಜಿಲ್ಲಾ ಮಟ್ಟದವರೆಗೆ ನಡೆಯುವ ಶಾಲಾ ಕ್ರೀಡಾಕೂಟಗಳಲ್ಲಿ ಗುಂಡು, ಚಕ್ರ, ಭರ್ಜಿ ಎಸೆಯುವ ಮಕ್ಕಳ ಸಾಧನೆಯನ್ನು ಟೇಪು ಹಿಡಿದು ಅಳೆಯಲಾಗುತ್ತದೆ. ಎಸೆದದ್ದು ಎಷ್ಟು ದೂರ ಹೋಯಿತು ಎಂಬುದೊಂದೇ ಅಲ್ಲಿನ ಪ್ರಶ್ನೆ. ಗುರಿಯಿಟ್ಟ ಜಾಗದಲ್ಲೇ ಬಿತ್ತೇ ಎಂದು ಯಾರೂ ಕೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹೆಣ್ಣುಮಕ್ಕಳು ಆಡುವ ಥ್ರೋಬಾಲ್‌ನಲ್ಲಿ ಗುರಿಯೇ ಆಟದ ಜೀವಾಳ. ಆದರೆ ಅಲ್ಲಿಯೂ ಉಳಿಯುವುದು ತಂಡದ ಅಂಕ ಮಾತ್ರ. ಯಾರ ಕೈ ಎಷ್ಟು ನಿಖರ ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಈ ಕೊರತೆ ಇಂದು ಚರ್ಚೆಗೆ ಬರಲು ಕಾರಣವಿದೆ. 2023ರ ಅಕ್ಟೋಬರ್ 16ರಂದು ಮುಂಬೈನಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಐದು ಆಟಗಳನ್ನು ಸೇರಿಸಿತು. ಅವುಗಳಲ್ಲಿ ಕ್ರಿಕೆಟ್, ಬೇಸ್‌ಬಾಲ್-ಸಾಫ್ಟ್‌ಬಾಲ್ ಹಾಗೂ ಫ್ಲ್ಯಾಗ್ ಫುಟ್‌ಬಾಲ್ ಈ ಮೂರರಲ್ಲೂ ಓಡುತ್ತಿರುವವನ ಕೈಗೆ ಅಥವಾ ನಿಗದಿತ ಗುರಿಗೆ ದೂರದಿಂದ ಚೆಂಡನ್ನು ತಲುಪಿಸುವ ಕೌಶಲವೇ ಪಂದ್ಯದ ದಿಕ್ಕನ್ನು ಬದಲಿಸುತ್ತದೆ. ಈ ಕೌಶಲವನ್ನು ಅಳೆಯುವುದು ಹೇಗೆ ಎಂಬ ಬಗ್ಗೆ ಅತಿ ಹೆಚ್ಚು ತಲೆ ಕೆಡಿಸಿಕೊಂಡವರು ಅಮೆರಿಕನ್ ಫುಟ್‌ಬಾಲ್‌ನವರು. ಅವರ ಅನುಭವ ನಮ್ಮ ಆಯ್ಕೆ ಶಿಬಿರಗಳಿಗೂ ಪಾಠವಾಗಬಲ್ಲದು.

ಶೇಕಡಾವಾರಿನ ಮಿತಿ

ಆ ಆಟದಲ್ಲಿ ಚೆಂಡನ್ನು ಎಸೆದು ದಾಳಿ ನಡೆಸುವ ಆಟಗಾರನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಚೆಂಡು ಗಾಳಿಯಲ್ಲಿ ಮುಂದಕ್ಕೆ 20 ಗಜ, ಅಂದರೆ ಸುಮಾರು 18 ಮೀಟರ್ ದಾಟಿದರೆ ಅದನ್ನು ದೂರದ ಎಸೆತವೆಂದು ಪರಿಗಣಿಸುವುದು ರೂಢಿ. 2025ರ ಫೆಬ್ರವರಿ 9ರ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ತಂಡದ ಜೇಲನ್ ಹರ್ಟ್ಸ್, ಡಿವಾಂಟಾ ಸ್ಮಿತ್‌ಗೆ ಎಸೆದ 46 ಗಜಗಳ ಚೆಂಡು ನೇರವಾಗಿ ಅಂಕ ತಂದಿತು. ಕಾನ್ಸಾಸ್ ಸಿಟಿ ವಿರುದ್ಧ 40-22ರಿಂದ ಗೆದ್ದ ಆ ಪಂದ್ಯದಲ್ಲಿ ಎದುರಾಳಿಯ ಮರುಹೋರಾಟದ ಆಸೆಯನ್ನು ಚಿವುಟಿದ ಎಸೆತವದು.

ಇಂತಹ ಎಸೆತಗಳಲ್ಲಿ ವೃತ್ತಿಪರರ ಮಟ್ಟದಲ್ಲಿಯೂ ಹತ್ತಕ್ಕೆ ನಾಲ್ಕರಷ್ಟು ಮಾತ್ರ ಕೈಸೇರುತ್ತವೆ. ಆದುದರಿಂದ ಹಿಡಿದದ್ದನ್ನು ಎಸೆದದ್ದರಿಂದ ಭಾಗಿಸಿ ಶೇಕಡಾವಾರು ತೆಗೆದರೆ ಲೆಕ್ಕ ಮುಗಿಯಿತು ಎನಿಸುತ್ತದೆ. ವಾಸ್ತವವಾಗಿ ಸಮಸ್ಯೆ ಶುರುವಾಗುವುದೇ ಅಲ್ಲಿಂದ.

ಇಬ್ಬರು ಆಟಗಾರರು ತಲಾ 60 ದೂರದ ಎಸೆತಗಳನ್ನು ಎಸೆದರೆಂದು ಊಹಿಸೋಣ. ಮೊದಲನೆಯವನದು 24, ಎರಡನೆಯವನದು 27 ಕೈಸೇರಿದವು. ಶೇ 40 ಮತ್ತು ಶೇ 45. ಎರಡನೆಯವನೇ ಮೇಲು ಎಂದು ಪಟ್ಟಿ ಹೇಳುತ್ತದೆ. ಆದರೆ ಮೊದಲನೆಯವನ ಆರು ಎಸೆತಗಳು ಸರಿಯಾಗಿ ಕೈಗೇ ಬಂದಿದ್ದರೂ ಜತೆಗಾರರು ಕೈಚೆಲ್ಲಿದ್ದರು. ನಾಲ್ಕನ್ನು ಅಪಾಯ ತಪ್ಪಿಸಲು ಆತನೇ ಬೇಕೆಂದು ಗೆರೆಯಾಚೆ ಎಸೆದಿದ್ದ. ಅವನ್ನು ಸರಿಪಡಿಸಿದರೆ 56ಕ್ಕೆ 30, ಅಂದರೆ ಸುಮಾರು ಶೇ 54. ಎರಡನೆಯವನ ಐದು ಎಸೆತಗಳು ಗುರಿ ತಪ್ಪಿದ್ದವು. ಹಿಡಿಯುವವನು ಓಟ ನಿಲ್ಲಿಸಿ, ಹಿಂದೆ ತಿರುಗಿ, ಹಾರಿ ಹಿಡಿದು ಮಾನ ಉಳಿಸಿದ್ದ. ಕೈಚೆಲ್ಲಿದ್ದು ಒಂದೇ. ಆತನ ನಿಖರತೆ 60ಕ್ಕೆ 23, ಸುಮಾರು ಶೇ 38. ಪಟ್ಟಿ ತಲೆಕೆಳಗಾಯಿತು.

ಈ ಜಿಲ್ಲೆಯವರಿಗೆ ಈ ತರ್ಕ ಹೊಸದಲ್ಲ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಲಾಟಿನ ಬೆಲೆ ಕಟ್ಟುವವರು ತೂಕವೊಂದನ್ನೇ ನೋಡುವುದಿಲ್ಲ. ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕಾದೀತು ಎಂಬ ಅಂದಾಜು ಅವರಿಗೆ ಮುಖ್ಯ. ಗೂಡಿನ ಗುಣ ಬೇರೆ, ನೂಲು ತೆಗೆಯುವವನ ಕೈಚಳಕ ಬೇರೆ. ಎಸೆಯುವವನ ಗುಣ ಮತ್ತು ಹಿಡಿಯುವವನ ಗುಣವನ್ನೂ ಹೀಗೆಯೇ ಬಿಡಿಸಿ ನೋಡಬೇಕಾಗುತ್ತದೆ.

ದೂರವೆಂದರೆ ಯಾವ ದೂರ?

ಎರಡನೆಯ ತೊಡಕು ದೂರದ ವ್ಯಾಖ್ಯೆಯದು. ಐದು ಗಜ ದೂರದಲ್ಲಿ ಹಿಡಿದ ಆಟಗಾರ 55 ಗಜ ಓಡಿದರೂ ದಾಖಲೆಯಲ್ಲಿ 60 ಗಜದ ಎಸೆತವೆಂದೇ ನಮೂದಾಗುತ್ತದೆ. ಇದರಲ್ಲಿ ತೋಳಿನ ಪಾತ್ರ ಅತ್ಯಲ್ಪ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಆ ಮೈದಾನದ ಅಗಲ 53 ಗಜಕ್ಕೂ ಹೆಚ್ಚು. ಮುಂದಕ್ಕೆ 20 ಗಜ, ಅಡ್ಡಕ್ಕೆ 40 ಗಜ ಸಾಗಿದ ಚೆಂಡು ನಿಜವಾಗಿ ಕ್ರಮಿಸುವುದು ಸುಮಾರು 45 ಗಜ. ಪಟ್ಟಿಯಲ್ಲಿ ಮಾತ್ರ ಅದು ಬರೀ 20.

ಅಮೆರಿಕದ ವೃತ್ತಿಪರ ಲೀಗ್ ಇದಕ್ಕೆ ತಂತ್ರಜ್ಞಾನದ ಮೊರೆ ಹೋಗಿದೆ. ಆಟಗಾರರ ಭುಜಗವಚದಲ್ಲಿ ಮತ್ತು ಚೆಂಡಿನೊಳಗೆ ಪುಟ್ಟ ಚಿಪ್‌ಗಳನ್ನು ಇಟ್ಟು ಸೆಕೆಂಡಿಗೆ ಹಲವು ಬಾರಿ ಸ್ಥಾನ ಗುರುತಿಸಲಾಗುತ್ತದೆ. ಎಸೆದ ದೂರ, ಎದುರಾಳಿ ಎಷ್ಟು ಹತ್ತಿರವಿದ್ದ, ಎಸೆಯುವವನ ಮೇಲೆ ಎಷ್ಟು ಒತ್ತಡವಿತ್ತು ಎಂಬುದನ್ನು ಆಧರಿಸಿ ಆ ಎಸೆತ ಕೈಸೇರುವ ಸಂಭವವನ್ನು ಲೆಕ್ಕ ಹಾಕುತ್ತಾರೆ. ನಿರೀಕ್ಷೆಗಿಂತ ಆಟಗಾರ ಎಷ್ಟು ಮೇಲೆ ಅಥವಾ ಕೆಳಗೆ ನಿಂತ ಎಂಬುದೇ ಇಲ್ಲಿ ಅಳತೆಗೋಲು. ಬರಿಯ ಶೇಕಡಾವಾರಿಗಿಂತ ಇದು ನ್ಯಾಯಯುತ ಎಂಬುದರಲ್ಲಿ ಅನುಮಾನವಿಲ್ಲ. ಹಾಗೆಂದು ಇದೂ ಪರಿಪೂರ್ಣವಲ್ಲ. ಹಿಡಿಯುವವನ ಪ್ರತಿಭೆ ಈ ಲೆಕ್ಕದೊಳಗೂ ನುಸುಳುತ್ತದೆ.

ಮೂರನೆಯದು ಸಂಖ್ಯೆಯ ಅಭಾವ. 60 ಎಸೆತಗಳಲ್ಲಿ ಶೇ 40 ಎಂಬ ಫಲಿತಾಂಶವು ಬರೀ ಆಕಸ್ಮಿಕದಿಂದಲೇ ಶೇ 28ರಿಂದ 52ರವರೆಗೆ ಹೊಯ್ದಾಡಬಹುದು ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಒಂದು ವರ್ಷದ ವೀರ ಮರುವರ್ಷ ಸಾಮಾನ್ಯನಾಗಿ ಕಾಣುವುದಕ್ಕೆ ತೋಳು ಸೋತಿರಲೇಬೇಕೆಂದಿಲ್ಲ.

ನಮ್ಮ ಮೈದಾನಕ್ಕೆ ಬಂದರೆ

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಬೇರೂರಿದ ಆಟವಲ್ಲ. 2012ರಲ್ಲಿ ಕೊಲಂಬೊದಲ್ಲಿ ನಡೆದ ಎಲೈಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾದಲ್ಲಿ ಬೆಂಗಳೂರಿನ ವಾರ್‌ಹಾಕ್ಸ್ ತಂಡವೂ ಇತ್ತು. ಅದರ ಅಂತಿಮ ಪಂದ್ಯ ಪುಣೆ ಪರವಾಗಿ 6-0ರಲ್ಲಿ ಮುಗಿಯಿತು. ಒಲಿಂಪಿಕ್ಸ್ ಸೇರಿರುವ ಫ್ಲ್ಯಾಗ್ ಫುಟ್‌ಬಾಲ್ ಇದಕ್ಕಿಂತ ಸರಳ. ತಂಡಕ್ಕೆ ಐವರು, ಕೆಡವುವಂತಿಲ್ಲ, ಸೊಂಟದ ಪಟ್ಟಿ ಕಿತ್ತರೆ ಆಟ ನಿಲ್ಲುತ್ತದೆ. ಭುಜಗವಚದ ವೆಚ್ಚವಿಲ್ಲ. 50 ಗಜ ಉದ್ದ, 25 ಗಜ ಅಗಲದ ಅಂಗಳ ಮತ್ತು ಎರಡು ತುದಿಗೆ ಹತ್ತತ್ತು ಗಜ ಇದ್ದರೆ ಸಾಕು. ಮೈಕಟ್ಟಿಗಿಂತ ಎಸೆತದ ನಿಖರತೆಯೇ ಇಲ್ಲಿ ಬಂಡವಾಳ.

ಕ್ರಿಕೆಟ್‌ನಲ್ಲಿಯೂ ಇದೇ ಪ್ರಶ್ನೆ ಇದೆ. ಮೂರು ವಿಕೆಟ್‌ಗಳ ಒಟ್ಟು ಅಗಲ ಒಂಬತ್ತು ಇಂಚು. ಬೌಂಡರಿಯಿಂದ ನೇರವಾಗಿ ಬಡಿದದ್ದನ್ನು ಮಾತ್ರ ಎಣಿಸಿದರೆ, ಒಂದೇ ಪುಟಕ್ಕೆ ಕೀಪರ್‌ನ ಕೈಗವಸಿಗೆ ಬಂದು ಬೀಳುವ ಉತ್ತಮ ಎಸೆತಗಳೆಲ್ಲ ಲೆಕ್ಕದಿಂದ ಜಾರುತ್ತವೆ.

ಚಿಪ್ ಅಳವಡಿಸುವ ಶಕ್ತಿ ನಮ್ಮ ಶಾಲೆಗಳಿಗಿಲ್ಲ. ಅದರ ಅಗತ್ಯವೂ ಇಲ್ಲ. ಸುಣ್ಣದ ಪುಡಿ, ಟೇಪು, ಒಂದು ನೋಟ್‌ಬುಕ್ ಸಾಕು. 15, 20, 25 ಮೀಟರ್ ದೂರದಲ್ಲಿ ಎಡ, ಬಲ, ನಡುವೆ ಗುರಿವೃತ್ತಗಳನ್ನು ಎಳೆಯಬೇಕು. ಚೆಂಡು ಹಿಡಿಯಲಾಯಿತೇ ಎಂಬುದನ್ನು ಬಿಟ್ಟು, ಎಲ್ಲಿ ಬಿತ್ತು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ನೀಡಬೇಕು. ಇಬ್ಬರು ಶಿಕ್ಷಕರು ಪರಸ್ಪರ ನೋಡಿಕೊಳ್ಳದೆ ಬರೆಯಬೇಕು. ನಿಂತು ಎಸೆದದ್ದು, ಓಡುತ್ತಾ ಎಸೆದದ್ದು ಬೇರೆ ಬೇರೆ ಪುಟದಲ್ಲಿರಬೇಕು. ದಿನಕ್ಕೆ 30ರಂತೆ ಮೂರು ದಿನ ಎಸೆಸಿದರೂ ಫಲಿತಾಂಶ ಅತ್ತಿತ್ತ ಶೇ 10ರಷ್ಟು ಜಾರಬಹುದು. ಹಾಗಾಗಿ ಎದ್ದು ಕಾಣುವ ಪ್ರತಿಭೆಯನ್ನು ಗುರುತಿಸಲು ಈ ಪರೀಕ್ಷೆ ಬಳಕೆಯಾಗಬೇಕೇ ಹೊರತು, ಹತ್ತಿರದ ಅಂಕ ಪಡೆದ ಇಬ್ಬರಲ್ಲಿ ಒಬ್ಬರನ್ನು ಮನೆಗೆ ಕಳುಹಿಸಲು ಅಲ್ಲ. ಕ್ರಿಕೆಟ್ ಚೆಂಡು 160 ಗ್ರಾಂ ಆಸುಪಾಸಿನದು, ಅಮೆರಿಕನ್ ಫುಟ್‌ಬಾಲ್ 400 ಗ್ರಾಂ ಆಸುಪಾಸಿನದು ಹಾಗೂ ತಿರುಗುತ್ತಾ ಸಾಗುವಂಥದು ಎಂಬುದನ್ನೂ ಮರೆಯಬಾರದು. ಒಂದರಲ್ಲಿ ಗೆದ್ದ ತೋಳು ಇನ್ನೊಂದನ್ನು ಕಲಿಯಬೇಕಾಗುತ್ತದೆ.

2007ರಲ್ಲಿ ರಚನೆಯಾದ ಈ ಜಿಲ್ಲೆಗೆ 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ರಾಜಧಾನಿ ಕೇವಲ 50 ಕಿ.ಮೀ. ದೂರದಲ್ಲಿದ್ದರೂ ಕನಕಪುರದ ಒಳ ಹಳ್ಳಿಯ ಹುಡುಗಿಗೆ ಆಯ್ಕೆಯ ಅವಕಾಶ ವರ್ಷಕ್ಕೊಮ್ಮೆ, ಒಂದು ಬೆಳಿಗ್ಗೆ, ಮೂರು ಎಸೆತಗಳಲ್ಲಿ ಮುಗಿದುಹೋಗುತ್ತದೆ. ಕೋಟಿಗಟ್ಟಲೆ ಸಂಭಾವನೆ ಪಡೆಯುವ ಕ್ವಾರ್ಟರ್‌ಬ್ಯಾಕ್‌ನನ್ನು 60 ಎಸೆತಗಳಿಂದ ತೀರ್ಮಾನಿಸಲಾಗದು ಎಂದು ಅಲ್ಲಿನ ಪರಿಣತರು ಒಪ್ಪುತ್ತಾರೆ. ಹಾಗಿದ್ದ ಮೇಲೆ ಮೂರೇ ಎಸೆತಗಳಿಂದ ಒಂದು ಮಗುವಿನ ಭವಿಷ್ಯ ಬರೆಯುವ ಕ್ರಮವನ್ನು ಶಿಕ್ಷಣ ಮತ್ತು ಕ್ರೀಡಾ ಇಲಾಖೆಗಳು ಮುಂದಿನ ಕ್ರೀಡಾಕೂಟದೊಳಗಾದರೂ ಮರುಪರಿಶೀಲಿಸುವುದು ಒಳಿತು.