ಹಿಮದ ನಾಡಿನಲ್ಲಿ ಎರೆಹುಳು
ಎರೆಹುಳು ಸಾಕಣೆ ಬೆಚ್ಚಗಿನ ಊರುಗಳ ಕಸುಬು ಎಂದುಕೊಂಡವರಿಗೆ ಅಮೆರಿಕದ ಮಿಷಿಗನ್ ರಾಜ್ಯದ ಮೇರಿ ಆಪಲ್‌ಹಾಫ್ ಗೊತ್ತಿರಲಿಕ್ಕಿಲ್ಲ. ಜೀವಶಾಸ್ತ್ರ ಕಲಿಸಿದ್ದ ಆಕೆ 1972ರಲ್ಲಿ, ಚಳಿಗಾಲದಲ್ಲೂ ಅಡುಗೆಮನೆ ಕಸ ಗೊಬ್ಬರವಾಗಲಿ ಎಂದು, ಮೀನುಗಾಳಕ್ಕೆ ಹುಳು ಮಾರುವವರಿಂದ ಕೆಂಪು ಹುಳು ತರಿಸಿ ನೆಲಮಾಳಿಗೆಯಲ್ಲಿ ಸಾಕಿದರು. 1982ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ತಂದರು. ನೆಲಮಾಳಿಗೆ ಇದ್ದವರಿಗೆ ಅರ್ಧ ಕೆಲಸ ಮುಗಿದಂತೆಯೇ. ಪಾಡೆಲ್ಲ ಕೊಟ್ಟಿಗೆಯಲ್ಲಿ ನಾಲ್ಕಾರು ತೊಟ್ಟಿ ಇಟ್ಟು ಮಾರಾಟಕ್ಕಿಳಿಯುವವರದು. ಈ ಹುಳುಗಳಿಗೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. ಹತ್ತಕ್ಕಿಳಿದರೆ ಮೇವು ಮುಟ್ಟುವುದೇ ಕಡಿಮೆ, ಹಾಸು ಹೆಪ್ಪುಗಟ್ಟಿದರೆ ಸಾವು. ಅದಕ್ಕೇ ತೊಟ್ಟಿಯ ಸುತ್ತ ಒಣಹುಲ್ಲಿನ ಪಿಂಡಿ ಒತ್ತರಿಸಿ, ಒಳಗೆ ಒಂದು ಮೂಲೆಯಲ್ಲಷ್ಟೇ ಹಸಿ ಕುದುರೆ ಲದ್ದಿ ಹಾಕುವುದು. ಕೊಳೆಯುವ ಲದ್ದಿಯ ಕಾವೇ ಅಲ್ಲಿ ಒಲೆ. ಆ ಮೂಲೆಯಿಂದ ಎಷ್ಟು ದೂರ ಇರಬೇಕೆಂದು ಹುಳುಗಳೇ ನೋಡಿಕೊಳ್ಳುತ್ತವೆ. ಆಸೆಬಿದ್ದು ತೊಟ್ಟಿಯ ತುಂಬ ಸುರಿದಿರೋ, ಹೊರಗೆ ಹಿಮ ಬೀಳುತ್ತಿರುವಾಗಲೇ ಒಳಗೆ ಹುಳು ಬೆಂದುಹೋಗುತ್ತವೆ! ಇನ್ನು, ಚಳಿ ವಿಪರೀತವಾಗಿ ದೊಡ್ಡ ಹುಳುಗಳು ಸತ್ತರೂ ನಿಂಬೆಯಾಕಾರದ ಪುಟ್ಟ ಮೊಟ್ಟೆಗೂಡುಗಳು ಉಳಿದು, ಬೆಚ್ಚಗಾದಾಗ ಮರಿ ಬಿಡುವುದುಂಟು. ಹಾಗಾಗಿ ಹುಳು ಸತ್ತ ತೊಟ್ಟಿಯನ್ನು ಮೇ ತಿಂಗಳು ಕಳೆಯುವವರೆಗೆ ಬರಿದು ಮಾಡಬಾರದು.